ಬಿಳಿ ಪುಡಿಯ ಹೆಸರು

ನನ್ನ ಮಾವ ಕಂಪೌಂಡರಾಗಿದ್ದವರು. ಈಗಿನವರಿಗೆ ಆ ಕೆಲಸ ಏನೆಂದು ಬಿಡಿಸಿ ಹೇಳಬೇಕು. ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ಒಂದು ಚೀಟಿಯಲ್ಲಿ ಕಾಗೆಕಾಲು ಗುಬ್ಬಿಕಾಲು ಗೀಚಿ ಮರದ ಅಡ್ಡಗೋಡೆಯ ಕಿಂಡಿಯೊಳಗೆ ತಳ್ಳುತ್ತಿದ್ದರು. ಆಚೆ ನಿಂತ ಕಂಪೌಂಡರು ಅದನ್ನು ಓದಿ, ಮಾತ್ರೆಗಳನ್ನು ಪಿಂಗಾಣಿ ಕುಟ್ಟಾಣಿಯಲ್ಲಿ ಅರೆದು ಪುಡಿ ಮಾಡಿ, ಪೊಟ್ಟಣ ಕಟ್ಟಿ, ಬಾಟಲಿಗೆ ಕೆಂಪು ನೀರಿನಂಥ ಔಷಧ ತುಂಬಿ, ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲಿ ಅಂತ ಬಾಟಲಿಯ ಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಮಾವ ಇದನ್ನು ನಲವತ್ತೊಂದು ವರ್ಷ ಮಾಡಿದರು, ಒಬ್ಬರೇ ಡಾಕ್ಟರ ಕೈಕೆಳಗೆ, ಅದೇ ಕಿಂಡಿಯ ಹಿಂದೆ ನಿಂತು.

ಆ ದವಾಖಾನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾವ ಔಷಧ ಎಂದು ರೋಗಿಗೆ ಹೇಳಕೂಡದು. ಮಾತ್ರೆಯನ್ನು ಇಡಿಯಾಗಿ ಕೊಟ್ಟರೆ ಜನ ಗುರುತು ಹಿಡಿದು ಮುಂದಿನ ಸಲ ಅಂಗಡಿಯಲ್ಲೇ ಕೊಂಡುಕೊಂಡಾರು, ಅಥವಾ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ ತೋರಿಸಿಯಾರು, ಅದಕ್ಕೇ ಅರೆಯುವುದು. ಯಾರಾದರೂ “ಇದೇನು ಪುಡಿ” ಎಂದು ಕೇಳಿದರೆ ಮಾವ “ಬಿಳಿ ಪುಡಿ” ಎನ್ನುತ್ತಿದ್ದರು. “ಯಾತಕ್ಕೆ” ಎಂದರೆ “ವಾಸಿಯಾಗೋದಕ್ಕೆ.” ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ಆ ಡಾಕ್ಟರ ಮೊದಲ ಪಾಠವಂತೆ. ನಲವತ್ತೊಂದು ವರ್ಷ ಬಂಗಾರ ಕೂಡಿಹಾಕಿದ ಮನುಷ್ಯ ಮನೆಯಲ್ಲಿ ಬೆಳ್ಳಿ ಬಿಚ್ಚುತ್ತಾರೆಯೇ? ನಾನು ಸೊಸೆಯಾಗಿ ಬಂದ ಮೊದಲ ವರ್ಷ, ಮಾವನಿಗೆ ನನ್ನ ಮೇಲೆ ಸಿಟ್ಟೆಂದೇ ತಿಳಿದಿದ್ದೆ.

ಆ ಬಿಳಿ ಪುಡಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದು ಸ್ಟೀರಾಯ್ಡ್. ನೋವು, ಊತ, ದಮ್ಮು, ಸುಸ್ತು ಎಲ್ಲವನ್ನೂ ಒಂದೇ ದಿನದಲ್ಲಿ ಅದುಮಿ ಕೂರಿಸುವ ಮದ್ದು. ರೋಗ ಇದ್ದಲ್ಲೇ ಇರುತ್ತದೆ, ರೋಗಿಗೆ ಮಾತ್ರ ಹೋಯಿತು ಅನ್ನಿಸುತ್ತದೆ. ಬೇರೆ ಪುಡಿಗಳ ಜೊತೆ ಅದನ್ನೂ ಒಂದು ಚಿಟಿಕೆ ಸೇರಿಸಿ ಕೊಟ್ಟರೆ, ಬೆಳಿಗ್ಗೆ ಇಬ್ಬರ ಹೆಗಲ ಮೇಲೆ ಬಂದವನು ಸಂಜೆಗೆ ತಾನೇ ನಡೆದು ಹೋಗುತ್ತಿದ್ದ. ಡಾಕ್ಟರ ಕೈಗುಣ ದೊಡ್ಡದು ಎಂದು ಹೆಸರು ಬಂದದ್ದು ಹಾಗೆ. ಇದೆಲ್ಲ ನನಗೆ ಗೊತ್ತಾದದ್ದು ಈಚೆಗೆ.

ಆರು ವರ್ಷದ ಹಿಂದೆ ಡಾಕ್ಟರು ತೀರಿಕೊಂಡರು. ಅವರ ಮಕ್ಕಳು ಆ ಜಾಗವನ್ನು ಕನ್ನಡಕದ ಅಂಗಡಿಗೆ ಕೊಟ್ಟರು. ಬಾಗಿಲು ಮುಚ್ಚಿದ ದಿನ ಮಾವ ಮನೆಗೆ ತಂದದ್ದು ಒಂದು ಕುಟ್ಟಾಣಿ, ಆ ಬಿಳಿ ಪುಡಿಯ ಮಾತ್ರೆಗಳಿದ್ದ ತಗಡಿನ ಡಬ್ಬಿ, ಅಂಗಿಯೊಳಗೆ ಒಂದು ನಾಯಿಮರಿ. ದವಾಖಾನೆಯ ಮೆಟ್ಟಿಲ ಮೇಲೆ ಯಾರೋ ಬಿಟ್ಟುಹೋಗಿದ್ದರಂತೆ. ಅತ್ತೆ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

“ಹೆಸರೇನಿಡ್ತೀರಿ ಮಾವ?” ಎಂದೆ.

ಅವರು ಮರಿಯನ್ನು ಅಂಗೈಯಲ್ಲಿ ತೂಗಿ ನೋಡಿ, “ಒಂದು ಔನ್ಸೂ ಇಲ್ಲ ಕಣಮ್ಮ ಇದು” ಎಂದರು. ಅಲ್ಲಿಂದ ಅದು ಔನ್ಸಿ ಆಯಿತು. ಬೆಳೆದು ಹದಿನಾಲ್ಕು ಕಿಲೋ ಆದಮೇಲೂ ಔನ್ಸಿಯೇ.

ನಮ್ಮ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸಲು ನಾಲ್ಕು ಮಾರು ಜಾಗ. ನನ್ನ ಗಂಡ ಲಾರಿ ಓಡಿಸುತ್ತಾರೆ. ತಿಂಗಳಲ್ಲಿ ಮೂರು ವಾರ ರಸ್ತೆಯ ಮೇಲೆ. ನಾನು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಹಗಲೆಲ್ಲ ಮನೆಯಲ್ಲಿರುತ್ತಿದ್ದವರು ಮಾವ ಮತ್ತು ಔನ್ಸಿ. ಒಂದು ದಿನ ತಲೆನೋವೆಂದು ಮಧ್ಯಾಹ್ನವೇ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಮಾವ ಮಾತಾಡುತ್ತಿದ್ದರು. ಒಂದೆರಡು ಮಾತಲ್ಲ, ಎಡೆಬಿಡದೆ. ಅತ್ತೆಗೆ ಕೊನೆಯ ದಿನಗಳಲ್ಲಿ ಕಾಲು ಊದಿಕೊಂಡದ್ದು, ಯಾವುದೋ ಮದುವೆಗೆ ಕರೆದುಕೊಂಡು ಹೋಗದೆ ನೋಯಿಸಿದ್ದು, ಮಗನಿಗೆ ಲಾರಿ ಬೇಡ ಅನ್ನಲು ಧೈರ್ಯ ಬಾರದೇ ಹೋದದ್ದು. ಔನ್ಸಿ ಅವರ ಪಾದದ ಮೇಲೆ ಗದ್ದ ಊರಿ ಕೇಳಿಸಿಕೊಳ್ಳುತ್ತಿತ್ತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಾಯಿಗೆ ಹೇಳಿದ್ದರಲ್ಲಿ ಕಾಲು ಭಾಗ ನಮಗೆ ಹೇಳಿದ್ದರೆ ಆಗುತ್ತಿರಲಿಲ್ಲವೇ?

ಕಾಯಿಲೆ ಶುರುವಾದದ್ದು ಒಂದು ಸೋಮವಾರ. ಔನ್ಸಿ ತಟ್ಟೆಯ ಹತ್ತಿರ ಹೋಗಿ, ಮೂಸಿ, ಹಿಂದೆ ಬಂದಿತು. ಹಿಂಗಾಲು ನಡುಗುತ್ತಿದ್ದವು. ಎರಡು ಸಲ ವಾಂತಿ ಮಾಡಿತು. ಮಾರನೆಯ ದಿನ ಏಳಲೇ ಇಲ್ಲ. ಬುಧವಾರ ನಾನು ಆಫೀಸಿನಿಂದ ಬರುವಾಗ ಬೀದಿಯ ತುದಿಯವರೆಗೆ ಓಡಿ ಬಂದು ಸೀರೆ ಹಿಡಿದೆಳೆಯಿತು. ಹೋದ ಜೀವ ಬಂದಂತಾಯಿತು. ಏನೋ ತಿನ್ನಬಾರದ್ದು ತಿಂದಿರಬೇಕು ಅಂದುಕೊಂಡೆ.

ಆ ಬುಧವಾರ ಬೆಳಿಗ್ಗೆ ಮಾವ ಡಬ್ಬಿ ತೆರೆದು, ಒಂದು ಮಾತ್ರೆಯ ಅರ್ಧವನ್ನು ಅರೆದು, ಬೆರಳಿಗೆ ಹಚ್ಚಿ ಔನ್ಸಿಯ ನಾಲಿಗೆಗೆ ಒರೆಸಿದ್ದರು. ಬೀದಿಯ ಎಷ್ಟೋ ಮಕ್ಕಳಿಗೆ ಹಾಗೆ ಕೊಟ್ಟ ಕೈ ಅದು. ಹೇಳಬೇಕೆಂದು ಅವರಿಗೆ ಹೊಳೆಯಲೂ ಇಲ್ಲ.

ಮೂರು ವಾರಕ್ಕೆ ಮತ್ತೆ ಬಂತು. ಈ ಸಲ ಔನ್ಸಿ ನಡೆಯುತ್ತ ನಡೆಯುತ್ತ ಅಂಗಳದಲ್ಲಿ ಮಗುಚಿಕೊಂಡಿತು. ಆಟೋದಲ್ಲಿ ಹಾಕಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದೆವು. ಅದು ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿ. ಗೋಡೆಗೆ ಆನಿಸಿದ ಬೆಂಚು, ನೆಲದ ಮೇಲೆ ರಬ್ಬರು ಹಾಸಿದ ತಕ್ಕಡಿ, ಒಳಗೆ ಕಾಲು ಜಾರುವ ಸ್ಟೀಲಿನ ಮೇಜು, ಫಿನಾಯಿಲ್ ವಾಸನೆಯ ಅಡಿಯಲ್ಲಿ ಒದ್ದೆ ನಾಯಿಯ ವಾಸನೆ. ಡಾಕ್ಟರಮ್ಮನಿಗೆ ಮೂವತ್ತೂ ಆಗಿರಲಿಲ್ಲ. ಔನ್ಸಿಯ ಒಸಡನ್ನು ಬೆರಳಿನಿಂದ ಒತ್ತಿ ನೋಡಿ, ಎದೆಗೆ ಸ್ಟೆತಸ್ಕೋಪು ಇಟ್ಟು, ತುಂಬ ಹೊತ್ತು ಕೇಳಿದಳು.

“ಮನೇಲಿ ಏನಾದ್ರೂ ಔಷಧಿ ಕೊಟ್ಟಿದ್ರಾ ತಾತ?”

“ಏನಿಲ್ಲಮ್ಮ” ಎಂದರು ಮಾವ.

ಅದೊಂದು ಸುಳ್ಳೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ಉಸಿರಾಡಿದಷ್ಟು ಸಲೀಸಾಗಿ ಬಂದ ಮಾತು. ಕಿಂಡಿಯ ಆ ಕಡೆಯವರು ಕೇಳಿದರೆ ಈ ಕಡೆಯವರು ಏನಿಲ್ಲ ಎನ್ನಬೇಕು, ಅಷ್ಟೇ.

ಸಲೈನ್ ಹಾಕಿದರು. ಒಂದು ಬಾಟಲಿ ಇಳಿಯುವ ಹೊತ್ತಿಗೆ ಔನ್ಸಿ ತಲೆಯೆತ್ತಿ ಬಾಲ ಆಡಿಸಿತು. ಪರೀಕ್ಷೆಗಳ ಸರದಿ ಶುರುವಾಯಿತು. ರಕ್ತ ತೆಗೆದರು. ಮಲ ನೋಡಿದರು. ಹೊಟ್ಟೆಯ ಎಕ್ಸ್‌ರೇ ತೆಗೆಯುವಾಗ ಮಾವ ಭಾರದ ಏಪ್ರನ್ ಕಟ್ಟಿಕೊಂಡು ಕಾಲು ಹಿಡಿದರು. ಮೂತ್ರದ ಪರೀಕ್ಷೆಗೆ ಬೆಳಗಿನ ಮೊದಲನೆಯದೇ ಬೇಕಿತ್ತು. ಮಾವ ಉದ್ದ ಹಿಡಿಯ ಸೌಟು ಹಿಡಿದು ಔನ್ಸಿಯ ಹಿಂದೆ ಬೀದಿಯುದ್ದಕ್ಕೂ ನಡೆದರು. ಅದು ಕುಳಿತ ಕೂಡಲೇ ಇವರು ಸೌಟು ಚಾಚುವುದು, ಅದು ನಾಚಿ ಎದ್ದು ಮುಂದೆ ಹೋಗುವುದು. ಎದುರು ಮನೆಯ ಟೈಲರ್, “ಏನ್ ಕಂಪೌಂಡ್ರೇ, ನಾಯಿಗೆ ಬಡಿಸ್ತಿದ್ದೀರೋ, ನಾಯಿ ಹತ್ರ ಬಡಿಸ್ಕೊಳ್ತಿದ್ದೀರೋ?” ಎಂದು ಕೇಳಿದ. ಇಡೀ ಬೀದಿ ನಕ್ಕಿತು. ನಾನೂ ನಕ್ಕೆ, ಸೌಟು ನನ್ನದೆಂದು ಗೊತ್ತಾಗುವವರೆಗೆ.

ಆ ಮೂತ್ರವನ್ನು ಅವರು ತೊಳೆದೊಣಗಿಸಿದ ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ಔನ್ಸಿ, ಹೆಣ್ಣು, ಆರು ವರ್ಷ, ಬೆಳಿಗ್ಗೆ ಐದು ಐವತ್ತು, ಮೊದಲನೆಯದು.’ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, “ಇಷ್ಟು ಅಚ್ಚುಕಟ್ಟಾಗಿ ತಂದವರು ಇಲ್ಲೀವರೆಗೂ ಯಾರೂ ಇಲ್ಲ ತಾತ. ನಿಮ್ಮಂಥೋರು ಹತ್ತು ಜನ ಇದ್ರೆ ನಮ್ಮ ಕೆಲಸ ಅರ್ಧ ಕಮ್ಮಿಯಾಗುತ್ತೆ” ಎಂದಳು. ಮಾವ ನಾಚಿಕೊಂಡರು. ಆ ಹುಡುಗಿ ಅವರ ಮಾತನ್ನು ಕಣ್ಣು ಮುಚ್ಚಿ ನಂಬಲು ಶುರು ಮಾಡಿದ್ದು ಅವತ್ತಿನಿಂದ ಎಂದು ನನ್ನ ಲೆಕ್ಕ. ಅವಳನ್ನು ನಾನು ದೂರುವುದಿಲ್ಲ. ನಾನೂ ನಂಬಿದ್ದೆ.

ಯಾವ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಎಲ್ಲ ಸ್ವಲ್ಪ ಹೆಚ್ಚು, ಇಲ್ಲವೇ ಸ್ವಲ್ಪ ಕಡಿಮೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ರಿಪೋರ್ಟುಗಳು ಬರುತ್ತಿದ್ದವು. ಔನ್ಸಿ ಹತ್ತು ದಿನ ಚೆನ್ನಾಗಿರುತ್ತಿತ್ತು, ಎರಡು ದಿನ ಸಾಯುವ ಹಾಗಿರುತ್ತಿತ್ತು. ಪಕ್ಕೆಯ ಎಲುಬು ಎಣಿಸುವಂತಾದವು. ಮಾವನೂ ಜೊತೆಜೊತೆಗೇ ಇಳಿದುಹೋದರು. ಅವರ ಊಟದ ತಟ್ಟೆಯಲ್ಲಿ ಅರ್ಧಕ್ಕರ್ಧ ಉಳಿಯುತ್ತಿತ್ತು. ನನ್ನ ಗಂಡ ಫೋನಿನಲ್ಲಿ, “ಅಪ್ಪನ್ನ ನೋಡ್ಕೊ ಕಣೇ, ನಾಯಿಗೆ ಏನಾದ್ರೂ ಆದ್ರೆ ಅವರು ತಡ್ಕೊಳ್ಳಲ್ಲ” ಎಂದರು. ಅದು ನನಗೂ ಗೊತ್ತಿತ್ತು. ಆ ನಾಯಿ ಹೋದರೆ ಮಾವನಿಗೆ ಮಾತಾಡಲು ಈ ಮನೆಯಲ್ಲಿ ಇನ್ನು ಯಾರೂ ಇರುವುದಿಲ್ಲ.

ಎರಡನೇ ತಿಂಗಳಲ್ಲಿ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಹೇಳಿದಳು. “ನನಗೆ ಒಂದು ಅನುಮಾನ ಇದೆ. ಮೂತ್ರಪಿಂಡದ ಹತ್ರ ಒಂದು ಪುಟ್ಟ ಗ್ರಂಥಿ ಇರುತ್ತೆ. ಆಯಾಸ, ಹೆದರಿಕೆ, ಜ್ವರ ಏನೇ ಬಂದ್ರೂ ಮೈ ತಡ್ಕೊಳ್ಳೋಕೆ ಬೇಕಾದ ರಸ ಅದರಿಂದ ಬರುತ್ತೆ. ಕೆಲವು ನಾಯಿಗಳಲ್ಲಿ ಅದು ಒಣಗಿಹೋಗುತ್ತೆ. ಇದೇ ಆಗಿದ್ರೆ ಹೆದರಬೇಕಾಗಿಲ್ಲ, ದಿನಾ ಮಾತ್ರೆ ಕೊಟ್ರೆ ಇನ್ನೂ ಆರೇಳು ವರ್ಷ ಬದುಕುತ್ತೆ. ಒಂದು ಸಲ ರಕ್ತ ತೆಗೀತೀವಿ, ಒಂದು ಇಂಜೆಕ್ಷನ್ ಕೊಡ್ತೀವಿ, ಒಂದು ಗಂಟೆ ಬಿಟ್ಟು ಮತ್ತೆ ರಕ್ತ ತೆಗೀತೀವಿ. ಗೊತ್ತಾಗಿಬಿಡುತ್ತೆ.”

ಆರೇಳು ವರ್ಷ ಎಂದಾಗ ಮಾವ ಕಣ್ಣು ಒರೆಸಿಕೊಂಡರು.

ಪರೀಕ್ಷೆಯ ದಿನ ಬೆಳಿಗ್ಗೆ ಔನ್ಸಿ ಮಂಕಾಗಿ ಮಲಗಿತ್ತು. ದೊಡ್ಡ ಪರೀಕ್ಷೆಗೆ ಹೋಗುವಾಗ ನಾಯಿ ತನ್ನ ಕಾಲ ಮೇಲೆ ನಡೆದು ಹೋಗಲಿ ಎಂದು ಮಾವನಿಗೆ ಆಸೆ. ದವಾಖಾನೆಯಲ್ಲಿ ಅವರು ಮಾಡುತ್ತಿದ್ದದ್ದೂ ಅದನ್ನೇ. ತೀರ ಸೋತು ಬಂದವರಿಗೆ ಸರದಿಗೆ ಮುಂಚೆಯೇ ಒಂದು ಚಿಟಿಕೆ ಕೊಟ್ಟು, ಡಾಕ್ಟರ ಎದುರು ಎದ್ದು ನಿಲ್ಲುವ ಹಾಗೆ ಮಾಡುವುದು. ನಾನು ಸ್ನಾನಕ್ಕೆ ಹೋದಾಗ ಒಂದು ಮಾತ್ರೆ ಅರೆದು ಕೊಟ್ಟರು. ಔನ್ಸಿ ಮೆಟ್ಟಿಲನ್ನು ತಾನೇ ಹತ್ತಿತು.

“ಕೊನೇ ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದಳು ಡಾಕ್ಟರಮ್ಮ. “ಮಾತ್ರೆ, ಪುಡಿ, ಇಂಜೆಕ್ಷನ್, ಏನಾದ್ರೂ ಕೊಟ್ಟಿದ್ದೀರಾ? ಸ್ಟೀರಾಯ್ಡ್ ಏನಾದ್ರೂ ಹೋಗಿದ್ರೆ ಟೆಸ್ಟೇ ಕೆಟ್ಟುಹೋಗುತ್ತೆ.”

ನಾನು ಮಾವನ ಮುಖ ನೋಡಿದೆ. ಸುಮ್ಮನೆ, ಉತ್ತರ ಅವರೇ ಹೇಳಲಿ ಅಂತ. ಅವರು ಔನ್ಸಿಯ ಕಿವಿ ಸವರುತ್ತ, “ಏನೂ ಕೊಟ್ಟಿಲ್ಲಮ್ಮ” ಎಂದರು. ಈ ಸಲ ಅವರಿಗೆ ಅದು ಸುಳ್ಳೆಂದು ಗೊತ್ತಿತ್ತು. ಆಮೇಲೆ ಅವರೇ ಒಪ್ಪಿಕೊಂಡರು. ಮೊದಲು ಇಲ್ಲ ಎಂದಾಗಿತ್ತು, ಈಗ ಹೌದು ಎಂದರೆ ಸೊಸೆಯ ಮುಂದೆ, ಅಷ್ಟು ಹೊಗಳಿದ ಹುಡುಗಿಯ ಮುಂದೆ ಮುಖ ಎಲ್ಲಿಡುವುದು ಎನ್ನಿಸಿತಂತೆ. ಒಂದು ಚಿಟಿಕೆ ಪುಡಿ ಅಷ್ಟು ದೊಡ್ಡ ಮಿಶಿನನ್ನು ಏನು ಮಾಡೀತು ಎಂದೂ ಅಂದುಕೊಂಡರಂತೆ. ಈ ಎರಡನೆಯದನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಎರಡು ದಿನಕ್ಕೆ ರಿಪೋರ್ಟು ಬಂತು. ರಕ್ತದಲ್ಲಿ ಆ ರಸ ಬೇಕಾದಷ್ಟಿದೆ ಎಂದು ಬರೆದಿತ್ತು. ಮಾವನ ಪುಡಿಯನ್ನೇ ಮಿಶಿನು ಔನ್ಸಿಯ ರಸವೆಂದು ಎಣಿಸಿತ್ತು. ಡಾಕ್ಟರಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇ ಅಂದ್ಕೊಂಡಿದ್ದೆ. ಅಲ್ಲ” ಎಂದು ನಿಟ್ಟುಸಿರು ಬಿಟ್ಟಳು.

ಆಮೇಲಿನ ಒಂದು ತಿಂಗಳು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕತೆ. ಪಿತ್ತಕೋಶಕ್ಕೆ ಔಷಧ, ಜಂತುಹುಳಕ್ಕೆ ಔಷಧ, ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ಔಷಧ. ಸ್ಕ್ಯಾನಿಗಾಗಿ ಹೊಟ್ಟೆಯ ಕೂದಲು ಬೋಳಿಸಿದರು. ಮಾವ ಗುಲಾಬಿ ಬಣ್ಣದ ಆ ಬೋಳು ಚರ್ಮದ ಮೇಲೆ ತಮ್ಮ ಹಳೆಯ ಬನಿಯನ್ ಹೊದಿಸಿ ಕೂರುತ್ತಿದ್ದರು. ಈಗ ಪುಡಿ ದಿನ ಬಿಟ್ಟು ದಿನ ಹೋಗುತ್ತಿತ್ತು. ಕೊಟ್ಟ ದಿನ ಔನ್ಸಿ ತಿನ್ನುತ್ತಿತ್ತು. ಕೊಡದ ದಿನ ನಡುಗುತ್ತಿತ್ತು. ಬೇರೆಯವರ ಮನೆಯ ನಾಯಿಯಾಗಿದ್ದರೆ ಇಷ್ಟರಿಂದಲೇ ಮಾವ ರೋಗ ಏನೆಂದು ಹೇಳಿಬಿಡುತ್ತಿದ್ದರು.

ಹೀಗಿರುವಾಗ ಅವರ ತಂಗಿಯ ಗಂಡ ತೀರಿಕೊಂಡರು. ಬಸ್ಸಿನಲ್ಲಿ ಐದು ಗಂಟೆಯ ದಾರಿ. ಹೋಗದೆ ಇರುವಂತಿರಲಿಲ್ಲ, ಇದ್ದವಳು ಒಬ್ಬಳೇ ತಂಗಿ. ತಾವಿಲ್ಲದಾಗ ಒಂದು ದಿನವೂ ನಡುಗದಿರಲಿ ಎಂದು ದಿನಕ್ಕೊಂದರಂತೆ ನಾಲ್ಕು ದಿನಕ್ಕೆ ನಾಲ್ಕು ಪೊಟ್ಟಣ ಕಟ್ಟಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಏನು ಮಾವ?”

“ಏನಿಲ್ಲ. ನೀರು ಸರಿಯಾಗಿ ಕುಡಿಸು.”

ಪೊಟ್ಟಣಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರು. ವಿಟಮಿನ್ ಪುಡಿ ಅಂತಲಾದರೂ ಸುಳ್ಳು ಹೇಳಿ ಕೊಟ್ಟುಹೋಗಬಹುದಿತ್ತು. ಡಾಕ್ಟರಮ್ಮ ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆನಲ್ಲ, ನಾನು ಪ್ರಶ್ನೆ ಕೇಳುತ್ತೇನೆಂದು ಅಳುಕಿದರು. ನನ್ನ ನಾಲಿಗೆ ಸ್ವಲ್ಪ ಹರಿತ. ಅದೂ ಒಂದು ಕಾರಣವಾಯಿತಲ್ಲ ಎಂದು ಈಗ ನನಗೆ ಸಂಕಟವಾಗುತ್ತದೆ.

ಗುರುವಾರ ಹೋದರು. ಔನ್ಸಿಗಾಗಿ ನಾನು ರಜೆ ಹಾಕಿದ್ದೆ. ಶನಿವಾರ ಹನ್ನೊಂದು ಗಂಟೆಗೆ ಔನ್ಸಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಅಡ್ಡಬಿತ್ತು. ಕರೆದರೆ ಕಣ್ಣು ಮಾತ್ರ ಹೊರಳುತ್ತಿತ್ತು. ಮೈ ತಣ್ಣಗಾಗಿತ್ತು. ಹೊದಿಕೆಯಲ್ಲಿ ಸುತ್ತಿ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದೆ. ಡಾಕ್ಟರಮ್ಮ ಸೂಜಿ ಚುಚ್ಚಲು ನರ ಹುಡುಕಿದಳು, ಸಿಗಲಿಲ್ಲ, ಮತ್ತೆ ಹುಡುಕಿದಳು. ಎದೆಬಡಿತ ತೀರ ನಿಧಾನ ಎಂದಳು. ಗೋಡೆಯ ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು.

“ಆ ಗ್ರಂಥಿಯ ಕಾಯಿಲೆ ಥರಾನೇ ಇದೆ ಅಕ್ಕ. ಆದ್ರೆ ಟೆಸ್ಟು ಅಲ್ಲ ಅಂದಿದೆ. ಅದಕ್ಕೆ ಕೊಡೋ ಇಂಜೆಕ್ಷನ್ ಈಗ ಕೊಟ್ಟು, ಒಳಗೆ ಸೋಂಕೇನಾದ್ರೂ ಇದ್ರೆ ನಾನೇ ಕೊಂದ ಹಾಗಾಗುತ್ತೆ. ತಾತಂಗೆ ಫೋನ್ ಮಾಡಿ. ಏನಾದ್ರೂ ಕೊಟ್ಟಿದ್ರಾ ಅಂತ ಇನ್ನೊಂದು ಸಲ ಕೇಳಿ. ಒಂದು ಮಾತು ಸಾಕು.”

ಮಾಡಿದೆ. ಅವರ ಹಿಂದೆ ಯಾರೋ ಅಳುವ ಸದ್ದು ಕೇಳಿಸುತ್ತಿತ್ತು. ಔನ್ಸಿ ಬಿದ್ದಿದೆ ಎಂದೆ. ಡಾಕ್ಟರಮ್ಮ ಕೇಳುತ್ತಿದ್ದಾಳೆ, ಏನಾದರೂ ಕೊಡುತ್ತಿದ್ದಿರಾ ಮಾವ, ಎಂದೆ.

ನಾನು ಎರಡು ಸಲ ಹಲೋ ಎಂದೆ.

“ಇಲ್ಲ ಕಣಮ್ಮ,” ಎಂದರು. “ನಾನು ಹೊರಟೆ.”

ನಾನು ಡಾಕ್ಟರಮ್ಮನ ಕಡೆ ತಿರುಗಿ ಇಲ್ಲ ಎಂದು ತಲೆಯಾಡಿಸಿದೆ. ಅವಳು ಸಲೈನಿನ ಜೊತೆ ಸೋಂಕಿನ ಔಷಧ ಶುರು ಮಾಡಿದಳು.

ಐದು ಗಂಟೆ ಕಾಲ ನಾನು ಆ ಮೇಜಿನ ಪಕ್ಕ ನಿಂತಿದ್ದೆ. ನಡುವೆ ಒಂದು ಬೆಕ್ಕಿನ ಬುಟ್ಟಿ ಬಂದು ಹೋಯಿತು, ಒಂದು ಮೊಲ ಬಂದು ಹೋಯಿತು. ಮಾವ ಬಂದಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಒಳಗೆ ಬಂದರು. ಅವರ ವಾಸನೆಗೋ ಹೆಜ್ಜೆಯ ಸದ್ದಿಗೋ ಔನ್ಸಿಯ ಬಾಲ ಮೇಜಿನ ಮೇಲೆ ಒಂದು ಸಲ ಆಡಿತು. ಮಾವ ಅದನ್ನು ಮುಟ್ಟಲಿಲ್ಲ. ಜೇಬಿನಿಂದ ನಾಲ್ಕು ಪೊಟ್ಟಣ ತೆಗೆದು ಸ್ಟೀಲಿನ ಮೇಲೆ ಸಾಲಾಗಿ ಇಟ್ಟರು.

“ಇದನ್ನ ಕೊಡ್ತಿದ್ದೆ. ಮೂರು ತಿಂಗಳಿಂದ,” ಎಂದರು. ಆಮೇಲೆ ಆ ಔಷಧದ ಹೆಸರು ಹೇಳಿದರು, ಎಷ್ಟು ಮಿಲಿಗ್ರಾಮ್ ಎಂದು ಹೇಳಿದರು, ಟೆಸ್ಟಿನ ದಿನ ಬೆಳಿಗ್ಗೆ ಎಷ್ಟು ಕೊಟ್ಟೆ ಎಂದೂ ಹೇಳಿದರು. ಅವರ ಬಾಯಲ್ಲಿ ಒಂದು ಔಷಧದ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಡಾಕ್ಟರಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಓಡಿಹೋಗಿ ಇಂಜೆಕ್ಷನ್ ತಂದು ಕೊಟ್ಟಳು. ಕೊಡುತ್ತ ಕೊಡುತ್ತಲೇ, “ನಾನು ಮೂರು ಸಲ ಕೇಳಿದ್ದೆ ತಾತ” ಎಂದಳು, ಮೆಲ್ಲಗೆ. ಔನ್ಸಿ ಇಪ್ಪತ್ತು ನಿಮಿಷ ಬದುಕಿತ್ತು. ಕೊನೆಗೆ ಮಾವ ಅದರ ತಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಏನೋ ಹೇಳುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು, ನನಗೆ ಕೇಳಿಸಲಿಲ್ಲ.

ಅವರನ್ನು ಬೆಂಚಿನ ಮೇಲೆ ಕೂರಿಸಿ ನಾನು ಒಬ್ಬಳೇ ಒಳಗೆ ಹೋದೆ. “ಮಧ್ಯಾಹ್ನವೇ ಹೇಳಿದ್ರೆ ಉಳೀತಿತ್ತಾ?” ಎಂದು ಕೇಳಿದೆ. ಡಾಕ್ಟರಮ್ಮ ಕೈ ತೊಳೆಯುತ್ತಿದ್ದಳು. “ಹೆಚ್ಚುಕಮ್ಮಿ ಖಂಡಿತ ಉಳೀತಿತ್ತು ಅಕ್ಕ. ಅವರು ಕೊಟ್ಟ ಔಷಧಿ ತಪ್ಪಲ್ಲ. ನಾನೂ ಅದನ್ನೇ ಕೊಡ್ತಿದ್ದೆ, ಅದರ ಜೊತೆ ಇನ್ನೊಂದು ಮಾತ್ರೆ, ಅಷ್ಟೇ. ಹೆಸರು ಹೇಳಿದ್ರೆ ಸಾಕಿತ್ತು.” ನಲ್ಲಿ ನಿಲ್ಲಿಸಿ ಸುಮಾರು ಹೊತ್ತು ಗೋಡೆಗೆ ಮುಖ ಮಾಡಿ ನಿಂತಳು.

ಮನೆಯ ಹಿಂದೆ ಬಟ್ಟೆ ಹರವುವ ಜಾಗದಲ್ಲಿ ಮಾವನೇ ಗುಂಡಿ ತೋಡಿದರು. ಟೈಲರ್ ಬಂದು ಹಾರೆ ಕೇಳಿದರೆ ಕೊಡಲಿಲ್ಲ. ಆಮೇಲೆ ಒಂದು ವಾರ ಅವರು ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ ಬಿಟ್ಟರೆ ಮಾತಾಡಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಗಾದೆ ನನ್ನ ನಾಲಿಗೆಯ ತುದಿಗೆ ಎಷ್ಟೋ ಸಲ ಬಂತು. ನುಂಗಿಕೊಂಡೆ. ಸಿಟ್ಟೂ ಇತ್ತು, ಅವರ ಬೆನ್ನು ನೋಡಿದರೆ ಕರುಳು ಕಿತ್ತುಬರುತ್ತಲೂ ಇತ್ತು.

ಎಂಟನೇ ದಿನ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಮಾವ ಕುರ್ಚಿಯಲ್ಲಿ ಕೂತಿದ್ದರು, ಹೊರಗೆ ಹೋಗುವ ಅಂಗಿಯಲ್ಲೇ.

“ಒಂದು ಮಾತು ಕೇಳ್ತೀನಿ ಕಣಮ್ಮ. ಅವತ್ತು ಫೋನಲ್ಲೇ ಹೇಳಿಬಿಟ್ಟಿದ್ರೆ ಔನ್ಸಿ ಉಳೀತಿದ್ಳಾ? ನೀನು ಡಾಕ್ಟರಮ್ಮನ್ನ ಕೇಳಿದ್ದೀಯ, ನಂಗೊತ್ತು.”

ಈ ಪ್ರಶ್ನೆ ಬರುತ್ತದೆಂದು ನನಗೂ ಗೊತ್ತಿತ್ತು. ಎಂಟು ದಿನದಿಂದ ಉತ್ತರ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ.

“ಇಲ್ಲ ಮಾವ. ನೀವು ಹೇಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಕೈಮೀರಿ ಹೋಗಿತ್ತಂತೆ. ಅದರ ಆಯಸ್ಸೇ ಅಷ್ಟು.”

ಅವರು ತಲೆದೂಗಿದರು. ಹೆಗಲ ಮೇಲಿನ ಟವೆಲಿನಿಂದ ಕನ್ನಡಕ ಒರೆಸಿ ಹಾಕಿಕೊಂಡರು.

“ಬೆಳಿಗ್ಗೆ ನಾನೂ ಹೋಗಿದ್ದೆ ಡಾಕ್ಟರಮ್ಮನ ಹತ್ರ,” ಎಂದರು. “ಉಳಿಸ್ತಿದ್ದೆ ತಾತ ಅಂದ್ಳು. ಪಾಪ, ಅಳ್ತಾ ಅಳ್ತಾ ಹೇಳಿದ್ಳು. ಆದ್ರೂ ಹೇಳಿದ್ಳು.”

ನನಗೆ ತಲೆಯೆತ್ತಲು ಆಗಲಿಲ್ಲ. ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಗೊತ್ತಿದ್ದೂ ಯಾಕೆ ಕೇಳಿದಿರಿ ಎಂದು ಕೇಳಬೇಕೆಂದಿದ್ದೆ, ಕೇಳದೆ ಬಗ್ಗಿ ಅದರ ಪಟ್ಟಿ ಬಿಚ್ಚತೊಡಗಿದೆ. ಕೇಳದ ಆ ಪ್ರಶ್ನೆ ಅವರಿಗೆ ಕೇಳಿಸಿತೇನೋ.

“ಈ ಮನೇಲಿ ನೀನೊಬ್ಬಳಾದ್ರೂ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯ ಅಂದ್ಕೊಂಡಿದ್ದೆ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಇರಲಿ ಬಿಡು. ನಿನ್ನ ತಪ್ಪಲ್ಲ. ನಾನೂ ಹೀಗೇ ಕೊಡ್ತಿದ್ದೆ. ಏನು ಅಂತ ಹೇಳದೆ, ಮಡಚಿ, ಕೈಗಿಡ್ತಿದ್ದೆ. ಎಲ್ರೂ ಸಮಾಧಾನವಾಗಿ ಮನೆಗೆ ಹೋಗ್ತಿದ್ರು.”

ಅಂಗಿಯ ಖಾಲಿ ಜೇಬನ್ನು ಒಮ್ಮೆ ಸವರಿಕೊಂಡರು.

“ಆಮೇಲೆ ಅವರೆಲ್ಲ ಏನಾದ್ರು ಅಂತ ನಾನು ಯಾವತ್ತೂ ಕೇಳಲಿಲ್ಲ ಕಣಮ್ಮ.”